ಹೋದವರ ಹೆಸರು ಹೇಳೋಣ

2025ರ ಜುಲೈ 30ರಂದು ಭಟ್ಕಳದ ತೆಂಗಿನಗುಂಡಿಯ ಬಳಿ ಕಡಲಲ್ಲಿ ನಾಡದೋಣಿಯೊಂದು ಮಗುಚಿತು. ದೋಣಿಯಲ್ಲಿದ್ದವರು ಆರು ಮಂದಿ. ಇಬ್ಬರು ಬದುಕಿ ಬಂದರು, ನಾಲ್ವರು ಕಡಲಪಾಲಾದರು. ಯಾಂತ್ರೀಕೃತ ಬೋಟುಗಳು ನೀರಿಗಿಳಿಯಬಾರದೆಂಬ ಮಳೆಗಾಲದ 61 ದಿನಗಳ ನಿಷೇಧ ಮುಗಿಯಲು ಇನ್ನೊಂದೇ ದಿನ ಉಳಿದಿತ್ತು. ಜೂನ್, ಜುಲೈ ತಿಂಗಳಲ್ಲಿ ದೊಡ್ಡ ಬೋಟುಗಳೆಲ್ಲ ಬಂದರಿನಲ್ಲಿ ಕಟ್ಟಿ ನಿಂತಿರುವಾಗ ನಾಡದೋಣಿಯವರಿಗಷ್ಟೇ ದುಡಿಮೆ. ಮೀನಿಗೆ ಒಳ್ಳೆಯ ಬೆಲೆ ಸಿಗುವುದು ಆಗ. ಕಡಲು ರೌದ್ರವಾಗಿರುವುದೂ ಆಗಲೇ.

ಇಂಥ ಸುದ್ದಿ ಬಂದಾಗ ಕಡಲತೀರದ ಊರು ಒಲೆ ಹಚ್ಚುವುದಿಲ್ಲ. ಗಂಡಸರು ದೋಣಿ ತೆಗೆದುಕೊಂಡು ಹುಡುಕಲು ಹೊರಡುತ್ತಾರೆ, ಹೆಂಗಸರು ಆ ಮನೆಯ ಅಂಗಳದಲ್ಲಿ ಸೇರುತ್ತಾರೆ. ಅಲ್ಲಿಂದ ಮುಂದೆ ಕೇಳಿಬರುವ ಮಾತುಗಳು ನಮಗೆಲ್ಲ ಗೊತ್ತು. ‘ಹೋದವರು ಬರ್ತಾರಾ? ಗಟ್ಟಿ ಮನಸ್ಸು ಮಾಡ್ಕೋ.’ ‘ಅವನ ಆಯುಷ್ಯ ಅಷ್ಟೇ ಇತ್ತು.’ ‘ಮಕ್ಕಳ ಮುಖ ನೋಡಿ ಮರೆತುಬಿಡು.’ ಹೇಳುವವರ ಮನಸ್ಸಿನಲ್ಲಿ ಪ್ರೀತಿಯೇ ಇರುತ್ತದೆ. ಆದರೆ ಕೊನೆಯ ಮಾತೊಂದನ್ನು ಮಾತ್ರ ನಾವು ಇನ್ನು ಮುಂದೆ ಹೇಳಬಾರದು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಮರೆವು ದುಃಖಕ್ಕೆ ಮದ್ದಲ್ಲ. ತೀರಿಕೊಂಡವರ ನೆನಪಿಗೆ ಮನೆಯಲ್ಲಿ, ಊರಿನಲ್ಲಿ, ಮಾತಿನಲ್ಲಿ ಒಂದು ಜಾಗ ಸಿಕ್ಕರೆ ಮಾತ್ರ ಉಳಿದವರ ಎದೆಯ ಭಾರ ಇಳಿಯುತ್ತದೆ.

ನಮ್ಮ ಹಿರಿಯರು ಈ ಸತ್ಯವನ್ನು ಬಲ್ಲವರಾಗಿದ್ದರು. ಸಾವಿನ ನಂತರದ ದಿನಗಳನ್ನು ಅವರು ಬರಿದಾಗಿ ಬಿಟ್ಟಿರಲಿಲ್ಲ. ಹತ್ತು ದಿನದ ಸೂತಕ, ಹನ್ನೊಂದು, ಹನ್ನೆರಡು, ಹದಿಮೂರನೆಯ ದಿನದ ಕ್ರಿಯೆ, ತಿಂಗಳ ಮಾಸಿಕ, ವರ್ಷಾಂತಿಕ, ಆಮೇಲೆ ಪ್ರತಿವರ್ಷದ ತಿಥಿ, ಮಹಾಲಯದ ಎಡೆ. ಲೆಕ್ಕ ಹಾಕಿ ನೋಡಿದರೆ ದುಃಖ ತೀರಾ ಹಸಿಯಾಗಿರುವಾಗ ದಿನವೂ ಏನಾದರೊಂದು ಮಾಡುವುದಿದೆ. ಅದು ಮಾಗುತ್ತ ಬಂದ ಹಾಗೆ ತಿಂಗಳಿಗೊಮ್ಮೆ, ಕೊನೆಗೆ ವರ್ಷಕ್ಕೊಮ್ಮೆ. ಕೈಗೆ ಕೆಲಸ, ಮನೆಗೆ ನೆಂಟರು, ಬಾಯಿಗೆ ಸತ್ತವರ ಹೆಸರು. ಅವರಿಗೆ ಇಷ್ಟವಾದ ಅಡುಗೆಯನ್ನೇ ಮಾಡಿ ಬಾಳೆಯೆಲೆಯ ಮೇಲೆ ಬಡಿಸಿ, ಕಾಗೆ ಬಂದು ಮುಟ್ಟಲಿ ಎಂದು ಕಾಯುವ ಆ ಹೊತ್ತಿನಲ್ಲಿ ಮನೆಯವರೆಲ್ಲ ಅವರನ್ನೇ ಮಾತಾಡುತ್ತಾರೆ. ಅವನಿಗೆ ಬಂಗಡೆಯ ಸಾರು ಎಷ್ಟು ಖಾರವಿದ್ದರೂ ಸಾಲುತ್ತಿರಲಿಲ್ಲ ಎಂದು ಒಬ್ಬರು ನೆನೆಯುತ್ತಾರೆ, ಇನ್ನೊಬ್ಬರು ನಗುತ್ತ ಕಣ್ಣೊರೆಸಿಕೊಳ್ಳುತ್ತಾರೆ. ನಂಬಿಕೆಯ ಮಾತು ಹಾಗಿರಲಿ, ಅಳುವಿಗೂ ನಗುವಿಗೂ ಒಟ್ಟಿಗೆ ಅವಕಾಶ ಕೊಡುವ ಇಂಥ ಇನ್ನೊಂದು ಏರ್ಪಾಡು ನಮ್ಮಲ್ಲಿಲ್ಲ.

ಆದರೆ ಕಡಲ ಸಾವು ಎಷ್ಟೋ ಸಲ ಈ ಏರ್ಪಾಡಿನ ಮೊದಲ ಮೆಟ್ಟಿಲನ್ನೇ ಕಿತ್ತುಕೊಳ್ಳುತ್ತದೆ. ದೇಹವೇ ಸಿಗುವುದಿಲ್ಲ.

‘ಸುವರ್ಣ ತ್ರಿಭುಜ’ದ ಕಥೆಯನ್ನು ಕರಾವಳಿ ಮರೆತಿಲ್ಲ. 2018ರ ಡಿಸೆಂಬರ್ 13ರಂದು ಮಲ್ಪೆ ಬಂದರಿನಿಂದ ಆಳಸಮುದ್ರ ಮೀನುಗಾರಿಕೆಗೆ ಹೊರಟ ಆ ಬೋಟಿನಲ್ಲಿ ಏಳು ಮಂದಿ ಇದ್ದರು. ಇಬ್ಬರು ಉಡುಪಿ ಜಿಲ್ಲೆಯವರು, ಐವರು ನಮ್ಮ ಉತ್ತರ ಕನ್ನಡದ ಕಡಲೂರುಗಳಿಂದ ದುಡಿಮೆಗೆ ಹೋದವರು. ಭಟ್ಕಳ, ಹೊನ್ನಾವರ, ಕುಮಟಾದ ಎಷ್ಟೋ ಮನೆಗಳ ಗಂಡುಮಕ್ಕಳು ಹೀಗೆ ಮಲ್ಪೆ, ಮಂಗಳೂರು, ಗೋವೆಯ ಬೋಟು ಹತ್ತುವುದು ತಲೆಮಾರುಗಳ ರೂಢಿ. ಹೊರಟ ಎರಡೇ ದಿನಕ್ಕೆ ಬೋಟಿನ ಸಂಪರ್ಕ ಕಡಿದುಹೋಯಿತು. ದಿನಗಳು ವಾರಗಳಾದವು. 2019ರ ಜನವರಿ 6ರಂದು ಸಾವಿರಾರು ಮೀನುಗಾರರು ಉಡುಪಿಯಲ್ಲಿ ರಾಷ್ಟ್ರೀಯ ಹೆದ್ದಾರಿ 66ನ್ನು ತಡೆದು ನಿಂತರು. ಅವರು ಕೇಳಿದ್ದು ಒಂದೇ: ನಮ್ಮವರು ಎಲ್ಲಿ?

ಉತ್ತರ ಸಿಕ್ಕಿದ್ದು ಮೇ ತಿಂಗಳ ಮೊದಲ ವಾರದಲ್ಲಿ. ನೌಕಾಪಡೆಯ ‘ಐಎನ್‌ಎಸ್ ನಿರೀಕ್ಷಕ್’ ಹಡಗಿನ ಮುಳುಗುಗಾರರು ಮಹಾರಾಷ್ಟ್ರದ ಮಾಲ್ವಣ ತೀರದಿಂದ ಸುಮಾರು 33 ಕಿಲೋಮೀಟರ್ ದೂರದಲ್ಲಿ, 60 ಮೀಟರಿನಷ್ಟು ಆಳದಲ್ಲಿ ಬೋಟಿನ ಅವಶೇಷವನ್ನು ಕಂಡರು. ಬೋಟು ಸಿಕ್ಕಿತು. ಏಳು ಜನರು ಸಿಗಲಿಲ್ಲ. ನಾಲ್ಕೂವರೆ ತಿಂಗಳು ಆ ಏಳು ಮನೆಗಳಲ್ಲಿ ಸೂತಕವೂ ಇರಲಿಲ್ಲ, ನೆಮ್ಮದಿಯೂ ಇರಲಿಲ್ಲ. ಕುಂಕುಮ ಇಡುವುದೋ ಬಿಡುವುದೋ ಎಂಬುದನ್ನು ಹೆಂಡತಿಗೆ ಯಾರೂ ಹೇಳುವ ಹಾಗಿರಲಿಲ್ಲ. ಮಗ ಎಲ್ಲೋ ಯಾವುದೋ ದಡ ಹತ್ತಿರಬಹುದು, ಬೇರೆ ದೇಶದ ಸೆರೆಯಲ್ಲಿರಬಹುದು ಎಂದು ತಾಯಿ ಅಂದುಕೊಂಡರೆ ಅದನ್ನು ಹುಚ್ಚು ಎನ್ನುವ ಹಕ್ಕು ಯಾರಿಗಿತ್ತು?

ನಮ್ಮ ಉತ್ತರ ಕನ್ನಡದ ಅಂಕೋಲಾದ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದಾಗಲೂ ಹೀಗೇ ಆಯಿತು. ಕೇರಳದ ಲಾರಿ ಚಾಲಕರೊಬ್ಬರ ದೇಹ ಗಂಗಾವಳಿ ನದಿಯ ತಳದಿಂದ ಲಾರಿಯೊಡನೆ ಮೇಲೆ ಬಂದಿದ್ದು ಸೆಪ್ಟೆಂಬರ್ 25ರಂದು. ಎರಡು ತಿಂಗಳು ದಾಟಿದ ಮೇಲೂ ಆ ಮನೆಯವರು ‘ಹುಡುಕಿ, ಬಿಡಬೇಡಿ’ ಎಂದೇ ಕೇಳಿಕೊಳ್ಳುತ್ತಿದ್ದರು. ಆತ ಬದುಕಿರಬಹುದೆಂಬ ಆಸೆ ಅವರಲ್ಲಿ ಆಗ ಉಳಿದಿರಲಿಕ್ಕಿಲ್ಲ. ಮಣ್ಣು ಮಾಡಲು, ಬೂದಿ ಮಾಡಲು, ಕೊನೆಗೊಮ್ಮೆ ಮುಟ್ಟಿ ಕಳಿಸಿಕೊಡಲು ಏನಾದರೂ ಬೇಕಿತ್ತು. ಶೋಧ ನಿಂತಾಗ ಇನ್ನಿಬ್ಬರ ದೇಹ ಸಿಕ್ಕಿರಲಿಲ್ಲ. ಆ ಎರಡು ಮನೆಗಳಿಗೆ ಅಷ್ಟೂ ದಕ್ಕಲಿಲ್ಲ.

ಈ ಬಗೆಯ ದುಃಖವನ್ನು ಅಮೆರಿಕದ ಕುಟುಂಬ ಚಿಕಿತ್ಸಾ ತಜ್ಞೆ ಪೌಲಿನ್ ಬಾಸ್ 1970ರ ದಶಕದಿಂದ ಅಧ್ಯಯನ ಮಾಡಿದವರು. ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ವಿಮಾನ ಚಾಲಕರ ಮನೆಗಳಿಂದ ಅವರ ಕೆಲಸ ಶುರುವಾಯಿತು. ಇದ್ದಾನೆ ಎನ್ನಲೂ ಆಗದ, ಇಲ್ಲ ಎನ್ನಲೂ ಆಗದ ಈ ನಷ್ಟ ಎಲ್ಲಕ್ಕಿಂತ ಕಠಿಣ ಎಂಬುದು ಅವರು ಕಂಡುಕೊಂಡ ಸಂಗತಿ. ತಪ್ಪು ದುಃಖಿಸುವವರ ಮನಸ್ಸಿನದಲ್ಲ, ಪರಿಸ್ಥಿತಿಯೇ ಹಾಗಿದೆ ಎಂದು ಅವರು ಬಿಡಿಸಿ ಹೇಳಿದರು. ಇಂಥ ಮನೆಗೆ ಹೋಗಿ ‘ಇನ್ನಾದರೂ ಒಪ್ಪಿಕೋ’ ಎಂದು ಒತ್ತಾಯ ಮಾಡುವವರು ಈ ಮಾತನ್ನು ನೆನಪಿಡಬೇಕು. ಕಾಯುತ್ತಲೇ ಬದುಕಲು ಅವರಿಗೆ ಹೆಗಲು ಕೊಡಬೇಕು, ಅಷ್ಟೇ.

ದೇಹ ಸಿಗದವರ ಬಗ್ಗೆ ನಮ್ಮ ಧರ್ಮಗಳು ಯೋಚಿಸಿಯೇ ಇದ್ದವು. ಹಿಂದೂ ಶಾಸ್ತ್ರದಲ್ಲಿ ದರ್ಭೆ ಮತ್ತು 360 ಮುತ್ತುಗದ ಎಲೆಗಳಿಂದ ಮನುಷ್ಯಾಕೃತಿ ಮಾಡಿ ಸಂಸ್ಕಾರ ನಡೆಸುವ ವಿಧಾನವಿದೆ. ಕುಮಟಾ ತಾಲ್ಲೂಕಿನ ಗೋಕರ್ಣಕ್ಕೆ ನಾಡಿನ ಎಲ್ಲ ಕಡೆಯಿಂದ ಪಿತೃಕಾರ್ಯಕ್ಕೆ ಬರುವವರಲ್ಲಿ ಹೀಗೆ ಬರಿಗೈಯಲ್ಲಿ ಬರುವವರೂ ಇರುತ್ತಾರೆ. ಭಟ್ಕಳದ ನವಾಯತರು ಪಾಲಿಸುವ ಶಾಫಿ ಸಂಪ್ರದಾಯದಲ್ಲಿ ದೂರದಲ್ಲಿ ತೀರಿಕೊಂಡವರಿಗಾಗಿ, ದೇಹ ಎದುರಿಗಿಲ್ಲದಿದ್ದರೂ, ಜನಾಜಾ ನಮಾಜು ಸಲ್ಲಿಸುವ ಅವಕಾಶವಿದೆ. ಕೊಲ್ಲಿ ದೇಶಗಳಲ್ಲಿ ದುಡಿಯುವ ಮಕ್ಕಳಿರುವ ಊರಿಗೆ ಅದರ ಬೆಲೆ ಗೊತ್ತು. ನೀರಿನಲ್ಲಿ ಮುಳುಗಿ ತೀರಿಕೊಂಡವರಿಗೆ ಇಸ್ಲಾಂ ಹುತಾತ್ಮರ ಗೌರವ ಕೊಡುತ್ತದೆ. ಹೊನ್ನಾವರ, ಕುಮಟಾದ ಕ್ರೈಸ್ತರು ನವೆಂಬರ್ 2ರಂದು ಸಕಲ ಆತ್ಮಗಳ ದಿನ ಸಮಾಧಿಗಳ ಮುಂದೆ ಮೇಣದಬತ್ತಿ ಹಚ್ಚುವಾಗ ಸಮಾಧಿಯಿಲ್ಲದವರಿಗೂ ಪ್ರಾರ್ಥನೆ ಸಲ್ಲುತ್ತದೆ. ದಾರಿ ಬೇರೆ ಬೇರೆ, ಕಾಳಜಿ ಒಂದೇ. ದೇಹ ಸಿಗಲಿಲ್ಲ ಎಂಬ ಕಾರಣಕ್ಕೆ ಯಾರೂ ವಿದಾಯವಿಲ್ಲದೆ ಹೋಗಬಾರದು.

ಧರ್ಮ ತೋರಿದ ಈ ಮೃದುತ್ವವನ್ನು ಕಾನೂನು ಅಷ್ಟಾಗಿ ತೋರುವುದಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 108ನೆಯ ಕಲಮಿನ ಪ್ರಕಾರ ಏಳು ವರ್ಷ ಸುದ್ದಿಯಿಲ್ಲದವರನ್ನು ಮೃತರೆಂದು ಭಾವಿಸಬಹುದಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಅಧಿನಿಯಮವೂ ಅದೇ ಏಳು ವರ್ಷವನ್ನು ಉಳಿಸಿಕೊಂಡಿದೆ. ‘ಸುವರ್ಣ ತ್ರಿಭುಜ’ ಕಾಣೆಯಾಗಿ ಏಳು ವರ್ಷ ತುಂಬಿದ್ದು 2025ರ ಡಿಸೆಂಬರಿನಲ್ಲಿ. ದೇಹವಿಲ್ಲದಿದ್ದರೆ ಮರಣೋತ್ತರ ಪರೀಕ್ಷೆಯ ವರದಿ ಇಲ್ಲ. ಅದಿಲ್ಲದಿದ್ದರೆ ಮರಣ ಪ್ರಮಾಣಪತ್ರಕ್ಕೆ ಅಲೆದಾಟ. ಪ್ರಮಾಣಪತ್ರವಿಲ್ಲದಿದ್ದರೆ ವಿಮೆಯ ಹಣ, ಬ್ಯಾಂಕಿನ ಖಾತೆ, ಮನೆಯ ದಾಖಲೆ ಎಲ್ಲವೂ ಇದ್ದಲ್ಲೇ ನಿಲ್ಲುತ್ತವೆ. ಮತ್ಸ್ಯ ಸಂಪದ ಯೋಜನೆಯಡಿ ಮೀನುಗಾರರಿಗೆ ಐದು ಲಕ್ಷ ರೂಪಾಯಿಯ ಅಪಘಾತ ವಿಮೆ ಇದೆ. ಅದು ಕೈಸೇರುವ ದಾರಿಯಲ್ಲಿ ಕಚೇರಿಯಿಂದ ಕಚೇರಿಗೆ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳೊಡನೆ ನಡೆಯುವವರು ಬೇಕು. ಹೂವಿನ ಹಾರ ತರುವ ಹತ್ತು ಜನರಿಗಿಂತ ಅರ್ಜಿ ತುಂಬಿಕೊಡುವ ಒಬ್ಬರು ಆ ಮನೆಗೆ ದೊಡ್ಡವರು. ಸಂತಾಪ ಹೇಳುವುದರಲ್ಲಿ ಇದೂ ಒಂದು ಬಗೆ.

ಇನ್ನು ನೆನಪಿನ ಮಾತು. ‘ಹೋದವರನ್ನು ಹಿಡಿದುಕೊಂಡು ಕೂತರೆ ಬದುಕು ಸಾಗದು’ ಎಂಬ ಅಂಜಿಕೆ ಸಾಮಾನ್ಯ. ಆಧುನಿಕ ಮನಶ್ಶಾಸ್ತ್ರವೂ ಬಹುಕಾಲ ಹೀಗೇ ನಂಬಿತ್ತು. ಸಿಗ್ಮಂಡ್ ಫ್ರಾಯ್ಡ್ 1917ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದಲ್ಲಿ, ತೀರಿಕೊಂಡವರಿಂದ ಮನಸ್ಸನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿಸಿಕೊಳ್ಳುವುದೇ ದುಃಖದ ಕೆಲಸ ಎಂದರು. ಮೂರು ವರ್ಷ ಕಳೆಯುವಷ್ಟರಲ್ಲಿ ಅವರ ಮಗಳು ಸೋಫಿ ಜ್ವರದಿಂದ ತೀರಿಕೊಂಡಳು. 1929ರಲ್ಲಿ, ಆಕೆ ಬದುಕಿದ್ದರೆ 36 ತುಂಬುತ್ತಿದ್ದ ದಿನದಂದು, ಮಗನನ್ನು ಕಳೆದುಕೊಂಡ ಗೆಳೆಯನಿಗೆ ಅವರು ಕಾಗದ ಬರೆದರು. ತೀವ್ರ ದುಃಖ ಒಂದು ದಿನ ಇಳಿಯುತ್ತದೆ, ಆದರೆ ಆ ಜಾಗವನ್ನು ಇನ್ನಾರೂ ತುಂಬಲಾರರು, ಹಾಗಿರುವುದೇ ಸರಿ, ಆ ಪ್ರೀತಿಯನ್ನು ಉಳಿಸಿಕೊಳ್ಳುವ ದಾರಿ ಅದೊಂದೇ ಎಂಬುದು ಆ ಕಾಗದದ ಸಾರ. ಅಪ್ಪನ ನೋವು ಪಂಡಿತನಿಗೆ ಕಲಿಸಿದ ಪಾಠ ಅದು. ನಮ್ಮ ಅಜ್ಜಿಯರಿಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಮೊಮ್ಮಗನಿಗೆ ಗಂಡನ ಹೆಸರಿಟ್ಟು, ದಿನಕ್ಕೆ ನೂರು ಸಲ ಆ ಹೆಸರನ್ನು ಕೂಗುತ್ತ ಅವರು ಬದುಕನ್ನು ಮುಂದೆ ನಡೆಸಿದರು.

ಕಡಲೂರಿನ ಮನೆಗಳಲ್ಲಿ ಅಗಲಿದವರು ಉಳಿಯುವುದು ಕೆಲಸದಲ್ಲಿ. ಬಲೆಯ ಹರಿದ ಕಣ್ಣನ್ನು ಹೇಗೆ ಕಟ್ಟಬೇಕೆಂದು ಅಪ್ಪ ಕಲಿಸಿದ್ದರೆ, ಮಗ ಸೂಜಿ ಹಿಡಿದಾಗಲೆಲ್ಲ ಅಪ್ಪನ ಕೈ ಅಲ್ಲಿರುತ್ತದೆ. ಗಾಳಿ ಯಾವ ಕಡೆ ತಿರುಗಿದರೆ ದೋಣಿ ತಿರುಗಿಸಬೇಕು, ಅಳಿವೆಯ ಬಾಯಲ್ಲಿ ತೆರೆಯನ್ನು ಹೇಗೆ ಎಣಿಸಿ ಒಳಗೆ ಬರಬೇಕು ಎಂಬ ತಿಳಿವೆಲ್ಲ ಹೋದವರಿಂದ ಬಂದದ್ದು. ಗಂಡ ಹೋದ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿ ಮಕ್ಕಳನ್ನು ಓದಿಸಿದ ತಾಯಂದಿರು ಈ ತೀರದ ಪ್ರತಿ ಊರಲ್ಲೂ ಇದ್ದಾರೆ. ಅವರಿಗೆ ಕೂತು ಅಳಲು ಸಮಯ ಸಿಕ್ಕಿರಲಿಲ್ಲ. ಹಾಗಾಗಿ ವರ್ಷಗಳ ನಂತರ ಯಾವುದೋ ಮದುವೆಮನೆಯಲ್ಲಿ ಅವರು ಇದ್ದಕ್ಕಿದ್ದಂತೆ ಅತ್ತರೆ ‘ಈಗೇಕೆ ಅದೆಲ್ಲ’ ಎಂದು ಬಾಯಿ ಮುಚ್ಚಿಸಬೇಡಿ. ಆ ಅಳು ತಡವಾಗಿ ಬಂದಿದೆ, ತಪ್ಪಾಗಿ ಬಂದದ್ದಲ್ಲ.

ಮಕ್ಕಳ ವಿಷಯದಲ್ಲಿ ನಾವು ಇನ್ನೂ ಎಚ್ಚರವಾಗಿರಬೇಕು. ‘ಅಪ್ಪ ದೂರದ ಊರಿಗೆ ಹೋಗಿದ್ದಾರೆ’ ಎಂಬ ಸುಳ್ಳು ದೊಡ್ಡವರ ಅನುಕೂಲಕ್ಕೆ ಹುಟ್ಟಿದ್ದು. ಮಗು ಆ ಸುಳ್ಳನ್ನು ನಂಬಿ ಪ್ರತಿ ಹಬ್ಬಕ್ಕೂ ಕಾಯುತ್ತದೆ. ಸತ್ಯ ತಿಳಿದ ದಿನ ಅದಕ್ಕೆ ಅಪ್ಪನ ಜೊತೆಗೆ ಮನೆಯವರ ಮೇಲಿನ ನಂಬಿಕೆಯೂ ಹೋಗುತ್ತದೆ. ಸರಳ ಮಾತಿನಲ್ಲಿ ನಿಜ ಹೇಳಿ, ಅದರ ಪ್ರಶ್ನೆಗಳಿಗೆ ಎಷ್ಟು ಸಲ ಬೇಕಾದರೂ ಉತ್ತರ ಕೊಡಿ. ಅಪ್ಪನ ಅಂಗಿ, ವಾಚು, ಫೋಟೊ ಅದರ ಕೈಗೆ ಸಿಗುವ ಕಡೆ ಇರಲಿ. ಅಪ್ಪ ಹೇಗೆ ನಗುತ್ತಿದ್ದ, ಯಾವುದಕ್ಕೆ ಸಿಟ್ಟಾಗುತ್ತಿದ್ದ ಎಂಬುದನ್ನು ಅವನ ಗೆಳೆಯರು ಬಂದು ಹೇಳಲಿ. ಅಪ್ಪನ ಮುಖ ಸರಿಯಾಗಿ ನೆನಪಿಲ್ಲದ ಮಗುವಿಗೆ ಆ ಕಥೆಗಳೇ ಅಪ್ಪ.

ಬದುಕಿ ಬಂದವರನ್ನು ನಾವು ಬಹುಬೇಗ ಮರೆತುಬಿಡುತ್ತೇವೆ. ತೆಂಗಿನಗುಂಡಿಯ ಆ ದೋಣಿಯಿಂದ ಇಬ್ಬರು ಉಳಿದರು. ಇಂಥವರನ್ನು ಊರು ‘ಪುಣ್ಯವಂತರು’ ಎನ್ನುತ್ತದೆ. ಅವರ ಒಳಗೆ ಮಾತ್ರ ‘ಅವರು ಹೋಗಿ ನಾನೇಕೆ ಉಳಿದೆ’ ಎಂಬ ಪ್ರಶ್ನೆ ಕುದಿಯುತ್ತಿರಬಹುದು. ಜೊತೆಗಾರನ ಮನೆಯ ಮುಂದೆ ಹಾದುಹೋಗಲು ಕಾಲು ಬಾರದಿರಬಹುದು. ಮತ್ತೆ ಅದೇ ಕಡಲಿಗೆ ಇಳಿಯಬೇಕಾದ ಅನಿವಾರ್ಯತೆ ಬೇರೆ. ಅಪಘಾತದಲ್ಲಿ ಉಳಿದವರನ್ನು ‘ಏನಾಯಿತು, ಹೇಗಾಯಿತು’ ಎಂದು ಕೆದಕಿ ಕೇಳುವುದನ್ನು ಬಿಟ್ಟು, ಅವರು ಹೇಳಬೇಕೆಂದಾಗ ಕೇಳಿಸಿಕೊಳ್ಳುವವರಾಗೋಣ. ತೀರಿಕೊಂಡವರ ಮನೆಯವರು ಅವರನ್ನು ಕರೆದು ಒಂದು ಲೋಟ ಚಹಾ ಕೊಟ್ಟರೆ ಇಬ್ಬರ ಗಾಯಕ್ಕೂ ಅದಕ್ಕಿಂತ ದೊಡ್ಡ ಔಷಧವಿಲ್ಲ.

ಎಲ್ಲ ದುಃಖವೂ ತಾನಾಗಿ ತಿಳಿಯಾಗುತ್ತದೆ ಎಂದು ಹೇಳಲಾರೆ. ತಿಂಗಳುಗಟ್ಟಲೆ ನಿದ್ದೆ, ಊಟ, ಕೆಲಸ ಯಾವುದೂ ಬೇಡವಾಗಿ, ಬದುಕೇ ಬೇಡ ಎನಿಸತೊಡಗಿದರೆ ಅದು ದೈವದ ಕಾಟವೂ ಅಲ್ಲ, ಮನಸ್ಸಿನ ದುರ್ಬಲತೆಯೂ ಅಲ್ಲ. ವೈದ್ಯಕೀಯ ನೆರವು ಬೇಕಾದ ಸ್ಥಿತಿ ಅದು. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗವರ್ಗೀಕರಣದಲ್ಲಿ ದೀರ್ಘಕಾಲ ಕಾಡುವ ದುಃಖಕ್ಕೆ ಪ್ರತ್ಯೇಕ ಸ್ಥಾನವಿದೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆ ಪ್ರತಿ ಬಂದರಿನ ಗೋಡೆಯ ಮೇಲೆ, ಪ್ರತಿ ಮೀನುಗಾರರ ಸಂಘದ ಕಚೇರಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿರಬೇಕು.

ಗೋಡೆಯ ಮೇಲೆ ಬರೆಯಬೇಕಾದದ್ದು ಇನ್ನೂ ಒಂದಿದೆ. ಅದು ಹೆಸರುಗಳು. ಕನ್ನಡ ನಾಡು ಸತ್ತವರನ್ನು ಕಲ್ಲಿನಲ್ಲಿ ನೆನೆದ ನಾಡು. ಊರ ದನ ಕಾಯುತ್ತ ಸತ್ತವನಿಗೂ ಇಲ್ಲಿ ವೀರಗಲ್ಲು ನಿಂತಿದೆ. ವ್ರತ ಹಿಡಿದು ದೇಹ ಬಿಟ್ಟ ಜೈನರಿಗೆ ನಿಷಿಧಿಗಲ್ಲು ನಿಂತಿದೆ. ಊರಿನ ಊಟದ ಎಲೆಗೆ ಮೀನು ತರಲು ಹೋಗಿ ಜೀವ ಕೊಟ್ಟವನೂ ಅದೇ ಗೌರವಕ್ಕೆ ಅರ್ಹ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಗ್ಲಾಸ್ಟರ್ ಎಂಬ ಮೀನುಗಾರರ ಊರಿನಲ್ಲಿ ಚುಕ್ಕಾಣಿ ಹಿಡಿದ ನಾವಿಕನ ಕಂಚಿನ ಪ್ರತಿಮೆ 1925ರಿಂದ ಕಡಲಿಗೆ ಮುಖ ಮಾಡಿ ನಿಂತಿದೆ. ಅದರ ಸುತ್ತ ಆ ಊರಿನಿಂದ ಕಡಲಿಗೆ ಹೋಗಿ ಮರಳದ ಐದು ಸಾವಿರಕ್ಕೂ ಹೆಚ್ಚು ಮಂದಿಯ ಹೆಸರುಗಳಿವೆ. ವರ್ಷಕ್ಕೊಮ್ಮೆ ಜನ ಸೇರಿ ನೀರಿಗೆ ಹೂವು ಬಿಡುತ್ತಾರೆ. ಮಣ್ಣಿನಲ್ಲಿ ಸಮಾಧಿಯಿಲ್ಲದವರಿಗೆ ಆ ಹೆಸರಿನ ಸಾಲೇ ಸಮಾಧಿ.

ತೆಂಗಿನಗುಂಡಿ, ಮುರ್ಡೇಶ್ವರ, ಮಂಕಿ, ಕಾಸರಕೋಡು, ತದಡಿ, ಹೀಗೆ ನಮ್ಮ ಪ್ರತಿ ಕಡಲೂರಿನಲ್ಲೂ ಅಂಥದೊಂದು ಹೆಸರಿನ ಕಲ್ಲು ಇರಬೇಕು. ದೊಡ್ಡ ಪ್ರತಿಮೆ ಬೇಡ, ಕೋಟಿ ರೂಪಾಯಿ ಬೇಡ. ಒಂದು ಕರಿಕಲ್ಲು, ಅದರ ಮೇಲೆ ಜಾತಿ ಧರ್ಮದ ಭೇದವಿಲ್ಲದೆ ಕಡಲಲ್ಲಿ ಜೀವ ಬಿಟ್ಟವರ ಹೆಸರು ಮತ್ತು ಇಸವಿ. ದೇಹ ಸಿಕ್ಕವರು, ಸಿಗದವರು ಇಬ್ಬರೂ ಅಲ್ಲಿರಲಿ. ಮೀನುಗಾರರ ಸಂಘಗಳು, ಗ್ರಾಮ ಪಂಚಾಯಿತಿಗಳು ಮನಸ್ಸು ಮಾಡಿದರೆ ಮುಂದಿನ ಮಳೆಗಾಲದೊಳಗೆ ಆಗುವ ಕೆಲಸ. ಮೊದಲು ಹಿರಿಯರನ್ನು ಕೂರಿಸಿಕೊಂಡು ಹೆಸರುಗಳನ್ನು ಬರೆದುಕೊಳ್ಳಿ. ಅವರ ನೆನಪಿನಲ್ಲಿ ಮಾತ್ರ ಇರುವ ಹೆಸರುಗಳು ಅವರೊಡನೆಯೇ ಹೋಗಿಬಿಡುತ್ತವೆ.

ಪ್ರತಿವರ್ಷ ನೂಲುಹುಣ್ಣಿಮೆಯ ಹೊತ್ತಿಗೆ ಕರಾವಳಿಯ ಮೀನುಗಾರರು ಸಮುದ್ರಪೂಜೆ ಮಾಡಿ ಕಡಲಿಗೆ ತೆಂಗಿನಕಾಯಿ ಅರ್ಪಿಸುತ್ತಾರೆ. 2025ರಲ್ಲಿ ಆ ಹುಣ್ಣಿಮೆ ಬಂದದ್ದು ಆಗಸ್ಟ್ 9ರಂದು, ತೆಂಗಿನಗುಂಡಿಯ ದುರಂತಕ್ಕೆ ಹತ್ತು ದಿನ ತುಂಬಿದಾಗ. ತಮ್ಮವರನ್ನು ಕಸಿದ ಕಡಲನ್ನೇ ತಾಯಿ ಎಂದು ಕರೆದು ಕಾಯಿ ಕೊಡುವ ಆ ಜನರ ಮನಸ್ಸು ಎಷ್ಟು ದೊಡ್ಡದು ಎಂದು ಒಳನಾಡಿನವರು ಒಮ್ಮೆ ಯೋಚಿಸಬೇಕು. ಆ ದಿನ ಕಾಯಿ ಬಿಡುವ ಮೊದಲು ಕಡಲಪಾಲಾದವರ ಹೆಸರುಗಳನ್ನು ಗಟ್ಟಿಯಾಗಿ ಓದುವ ಪದ್ಧತಿಯೊಂದು ಶುರುವಾಗಲಿ. ಹೆಸರು ಕೇಳಿದ ತಾಯಿ ಅಳಬಹುದು. ಅಳಲಿ. ತನ್ನ ಮಗನನ್ನು ಊರು ಮರೆತಿಲ್ಲ ಎಂಬ ಧೈರ್ಯದಿಂದ ಅವಳು ಮನೆಗೆ ಹೋಗುತ್ತಾಳೆ.

ಕಡಲು ಹತ್ತಿರವಿಲ್ಲದ ಓದುಗರಿಗೂ ಇದು ಸಲ್ಲುವ ಮಾತು. ನಿಮ್ಮ ಬೀದಿಯಲ್ಲಿ, ನೆಂಟರಲ್ಲಿ, ಕಚೇರಿಯಲ್ಲಿ ಈ ವರ್ಷ ಯಾರನ್ನಾದರೂ ಕಳೆದುಕೊಂಡವರು ಇದ್ದೇ ಇರುತ್ತಾರೆ. ಹದಿಮೂರನೆಯ ದಿನದ ಊಟವಾದ ಮೇಲೆ ಆ ಮನೆಗೆ ಯಾರೂ ಹೋಗಿರುವುದಿಲ್ಲ. ಇಂದು ಸಂಜೆ ಒಂದು ಫೋನು ಮಾಡಿ, ಸಾಧ್ಯವಾದರೆ ಹೋಗಿ ಬನ್ನಿ. ಏನು ಮಾತಾಡಲಿ ಎಂದು ಅಳುಕಬೇಡಿ. ತೀರಿಕೊಂಡವರ ಹೆಸರು ಹಿಡಿದು, ಅವರ ಬಗ್ಗೆ ನಿಮಗೆ ನೆನಪಿರುವ ಒಂದು ಒಳ್ಳೆಯ ಸಂಗತಿಯನ್ನು ಹೇಳಿ. ಆ ಮನೆಯವರು ಯಾರಾದರೂ ಬಂದು ಆ ಹೆಸರು ಹೇಳಲಿ ಎಂದೇ ಕಾಯುತ್ತಿರುತ್ತಾರೆ.